ಇಷ್ಟ ಇದ್ದವರಿಗೆ ಮಾತ್ರ

ನಮ್ಮ ಹೈಸ್ಕೂಲಿಗೆ ಡೆಸ್ಕುಗಳು ಬಂದ ವರ್ಷವೇ ಶ್ಲೋಕವೂ ಬಂತು. ಎರಡನ್ನೂ ತಂದವರು ಒಬ್ಬರೇ. ಅದಕ್ಕೆ ಮೊದಲು ನಮ್ಮ ಮಕ್ಕಳು ನೆಲದ ಮೇಲೆ ಕೂತು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದರು, ಹಾಗಾಗಿ ಡೆಸ್ಕು ಇರಲಿ, ಶ್ಲೋಕ ಬೇಡ ಎನ್ನುವ ಬಾಯಿ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ. ಇದ್ದಿದ್ದರೂ ಕೇಳುವವರು ಯಾರು? ಸರ್ಕಾರಿ ಶಾಲೆಯಲ್ಲಿ ಕನ್ನಡ ಟೀಚರ ಮಾತು ನಡೆಯುವುದು ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಸಾಲು ನೇರ ಮಾಡುವಾಗ ಮಾತ್ರ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಕನಕಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಮರಳವಾಡಿ ಕಡೆಯ ಒಂದು ಹಳ್ಳಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಹಾರೋಹಳ್ಳಿಯ ಸುತ್ತ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ ಅದು. ರಾಗಿ ಹೊಲ ಇದ್ದ ಕಡೆ ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಕಾಂಪೌಂಡು, ಕಾಂಪೌಂಡಿಗೆ ಗೇಟು, ಗೇಟಿಗೊಬ್ಬ ಸೀಟಿ ಊದುವ ವಾಚ್‌ಮನ್ನು. ನಮ್ಮ ಹಳ್ಳಿಯ ಅಂಚಿನಲ್ಲೂ ಹಿಪ್ಪುನೇರಳೆ ತೋಟಗಳಿಗೆ ಆತುಕೊಂಡಂತೆ ಬಣ್ಣ ಮಾಡುವ ಫ್ಯಾಕ್ಟರಿಯೊಂದು ಬಂತು. ಗಾಳಿ ಈ ಕಡೆ ತಿರುಗಿದರೆ ಕ್ಲಾಸಿನೊಳಗೇ ಮೂಗು ಉರಿಯುತ್ತಿತ್ತು. ಡೆಸ್ಕು ಕೊಟ್ಟದ್ದು ಆ ಫ್ಯಾಕ್ಟರಿಯವರು, ಕೊಡಿಸಿದ್ದು ಅವರಿಗೆ ಬೇಕಾದವರಾಗಿದ್ದ ಒಬ್ಬ ಹಿರಿಯರು. ಬೆಂಗಳೂರಿನಲ್ಲಿ ದೊಡ್ಡ ನೌಕರಿ ಮಾಡಿ ರಿಟೈರಾಗಿ, ಊರಾಚೆ ತೋಟದ ಮನೆ ಕಟ್ಟಿಕೊಂಡಿದ್ದರು. ಬಿಳಿ ಪಂಚೆ, ಬಿಳಿ ಷರಟು, ಸ್ಕೂಟರು. ಇಡೀ ಊರಿನಲ್ಲಿ ಹೆಲ್ಮೆಟ್ ಹಾಕುತ್ತಿದ್ದವರು ಅವರೊಬ್ಬರೇ. ಗದರುವುದು ಅವರಿಗೆ ಗೊತ್ತೇ ಇರಲಿಲ್ಲ. ಅವರನ್ನು ಕೆಟ್ಟವರೆಂದು ಬರೆದುಬಿಟ್ಟರೆ ನನಗೆ ಹಗುರವಾಗುತ್ತಿತ್ತು, ಆದರೆ ಅವರು ಕೆಟ್ಟವರಾಗಿರಲಿಲ್ಲ.

ಶನಿವಾರ ಬೆಳಗಿನ ಶಾಲೆಯ ಕೊನೆಯ ಪಿರಿಯಡ್ಡು ಅವರದು. ಧರ್ಮಗ್ರಂಥದ ಶ್ಲೋಕ ಬಾಯಿಪಾಠ ಮಾಡಿಸುವುದು, ಅರ್ಥ ಹೇಳುವುದು. ಹೆಡ್ ಮೇಷ್ಟ್ರು ಪ್ರಾರ್ಥನೆ ಮುಗಿದ ಮೇಲೆ ಘೋಷಿಸಿದರು.

"ಇದು ಐಚ್ಛಿಕ ಕಣ್ರಪ್ಪ. ಇಷ್ಟ ಇದ್ದೋರ್ಗೆ ಮಾತ್ರ. ಯಾರ್ಗೂ ಬಲವಂತ ಇಲ್ಲ. ಇಷ್ಟ ಇಲ್ದೋರು ಆ ಹೊತ್ನಲ್ಲಿ ಸ್ಕೂಲ್ ತೋಟದಲ್ಲಿ ಕಳೆ ಕೀಳಿ."

ಎಲ್ಲರಿಗೂ ಇಷ್ಟವಾಗಿಬಿಟ್ಟಿತು. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಪಾರ್ಥೇನಿಯಂ ಕೀಳುವ ಇಷ್ಟ ಯಾವ ಮಗುವಿಗಿರುತ್ತದೆ? ಶಾಲೆಯಲ್ಲಿದ್ದ ಮುಸಲ್ಮಾನರ ಮಕ್ಕಳಿಬ್ಬರು, ಅಣ್ಣ ತಂಗಿ, ಬಕೆಟ್ಟು ಹಿಡಿದು ತೋಟಕ್ಕೆ ಹೋದರು. "ಅವರಿಷ್ಟ," ಎಂದರು ಹೆಡ್ ಮೇಷ್ಟ್ರು. ಹೀಗೆ ನಮ್ಮ ಶಾಲೆಯಲ್ಲಿ ಎಲ್ಲರೂ ತಮ್ಮ ತಮ್ಮ ಇಷ್ಟದಂತೆ ನಡೆದುಕೊಳ್ಳುವುದು ಶುರುವಾಯಿತು.

ಇಷ್ಟು ಹೇಳಿದ ಮೇಲೆ ಆ ಹುಡುಗಿಯ ವಿಷಯಕ್ಕೆ ಬರಬೇಕು. ಅವಳಿಗಾಗಿಯೇ ಇದನ್ನೆಲ್ಲ ಬರೆಯುತ್ತಿರುವುದು.

ಹತ್ತನೇ ಕ್ಲಾಸಿನಲ್ಲಿದ್ದಳು. ಕಡ್ಡಿಯಂಥ ಹುಡುಗಿ. ತಾಯಿ ಇರಲಿಲ್ಲ, ತಾಯಿಯ ತಾಯಿ ಸಾಕಿದ್ದಳು. ಅಜ್ಜಿ, ಅಜ್ಜಿಯ ಮಗ ಅಂದರೆ ಇವಳ ಸೋದರಮಾವ, ಇವಳು, ಇಷ್ಟೇ ಜನ ಆ ಮನೆಯಲ್ಲಿ. ಮಾವ ಹಾರೋಹಳ್ಳಿಯಲ್ಲಿ ಟೆಂಪೋ ಓಡಿಸುತ್ತಿದ್ದ. ಹುಡುಗಿ ದೊಡ್ಡವಳಾದ ಕೂಡಲೇ ಅವನ ಜೊತೆ ಮದುವೆ ಎಂದು ಅಜ್ಜಿ ಎಂದೋ ತೀರ್ಮಾನ ಮಾಡಿಯಾಗಿತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಹುಡುಗಿಗೆ ಮಾವನ ಮೇಲೆ ಕೋಪವೇನೂ ಇರಲಿಲ್ಲ. ಆದರೆ ಹತ್ತನೇ ಕ್ಲಾಸು ಪಾಸು ಮಾಡಬೇಕು, ಮುಂದೆ ಓದಿ ಟೀಚರಾಗಬೇಕು ಎಂಬ ಆಸೆ ಇತ್ತು. ನನ್ನ ಥರ ಸೀರೆ ಉಟ್ಟು ಬಸ್ಸಿನಿಂದ ಇಳಿಯಬೇಕಂತೆ. ಈ ಕೆಲಸದಲ್ಲಿ ಹಾಗೆ ಆಸೆ ಪಡುವಂಥದ್ದೇನಿದೆ ತಾಯಿ ಎಂದು ನಗುತ್ತಿದ್ದೆ, ಒಳಗೊಳಗೆ ಹಿಗ್ಗುತ್ತಲೂ ಇದ್ದೆ.

ಶಾಲೆ ಶುರುವಾದ ಹೊಸತರಲ್ಲಿ ಒಂದು ಮಧ್ಯಾಹ್ನ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಲಂಗವನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ನೋಡಿದ ಕೂಡಲೇ ನನಗೆ ತಿಳಿಯಿತು. ಬ್ಯಾಗಿನಲ್ಲಿದ್ದದ್ದನ್ನು ಕೊಟ್ಟು, ಏನು ಮಾಡಬೇಕೆಂದು ಹೇಳಿಕೊಟ್ಟೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಮಿಸ್, ಯಾರ್ಗೂ ಹೇಳ್ಬ್ಯಾಡಿ. ನಮ್ಮಜ್ಜಿಗೆ ಗೊತ್ತಾದ್ರೆ ನಾಳಿಂದ್ಲೇ ಸ್ಕೂಲ್ ಬುಡುಸ್ಬುಡ್ತದೆ. ಪರೀಕ್ಷೆ ಆಗೋಗ್ಲಿ ಮಿಸ್, ಆಮೇಲೆ ನಾನೇ ಹೇಳ್ತೀನಿ."

ಹೇಳುವುದಿಲ್ಲ ಎಂದೆ. ಹೇಳಲೂ ಇಲ್ಲ. ಇದರಲ್ಲಿ ಮುಚ್ಚಿಡುವ ಅಪರಾಧವೇನಿದೆ ಎಂದೇ ನನಗೆ ಅನ್ನಿಸಿದ್ದು. ನಾನು ಮಾಗಡಿ ತಾಲ್ಲೂಕು ಕಲ್ಯದ ಕಡೆಯವಳು, ಶಿವಪೂಜೆಯ ಮನೆಯಲ್ಲಿ ಬೆಳೆದವಳು. "ಕೊಳ್ನಲ್ಲಿ ಲಿಂಗ ಇರೋಳ್ಗೆ ಎಂಥ ಮೈಲ್ಗೆ" ಎಂದು ನಮ್ಮಜ್ಜಿ ತಿಂಗಳಿನ ಎಲ್ಲ ದಿನವೂ ಪೂಜೆಗೆ ಕೂರುತ್ತಿದ್ದಳು. ಮುಟ್ಟಾದವಳು ಆಚೆ ಕೂರಬೇಕು ಎಂಬ ಹೆದರಿಕೆ ಎಷ್ಟು ಆಳಕ್ಕೆ ಇಳಿದಿರಬಹುದು ಎಂಬ ಅಂದಾಜು ನನಗಿರಲಿಲ್ಲ.

ಅವಳಿಗೆ ಇತ್ತು. ಏಕೆಂದರೆ ಅವಳ ಮನೆಯಲ್ಲಿ ರೇಷ್ಮೆ ಹುಳ ಇತ್ತು.

ಹುಳ ಸಾಕದವರಿಗೆ ಇದು ಅರ್ಥವಾಗುವುದು ಕಷ್ಟ. ಹುಳದ ಮನೆಗೆ ದೇವರ ಮನೆಗಿಂತ ಹೆಚ್ಚು ಮಡಿ. ಹೊಸ್ತಿಲಿಗೆ ಸುಣ್ಣದ ಪುಡಿ, ಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ, ಹೊರಗಿನವರು ಇಣುಕುವಂತಿಲ್ಲ. ಬೀಡಿ ಸೇದಿದವನಿಗೂ ಪ್ರವೇಶವಿಲ್ಲ, ಮುಟ್ಟಾದ ಹೆಂಗಸಿಗೂ ಇಲ್ಲ. ಮೊದಲನೆಯದರಲ್ಲಿ ಒಂದು ಅರ್ಥವಿದೆ, ಎರಡನೆಯದರಲ್ಲಿ ಇಲ್ಲ, ಆದರೆ ಊರಿನವರಿಗೆ ಎರಡೂ ಒಂದೇ. ಅದರಲ್ಲೂ ಈ ಅಜ್ಜಿಯ ಮನೆ ಚಾಕಿ ಮನೆ. ಮೊಟ್ಟೆಯೊಡೆದ ಸಾಸಿವೆಯಷ್ಟು ಹುಳಗಳನ್ನು ಎರಡು ಜ್ವರ, ಅಂದರೆ ಎರಡು ಸಲ ಪೊರೆ ಬಿಡುವ ತನಕ, ಇಲ್ಲೇ ಸಾಕಿ ಆಮೇಲೆ ಊರಿನ ಮನೆಮನೆಗೂ ಹಂಚುತ್ತಿದ್ದರು. ಎಳೆಯ ಹುಳಕ್ಕೆ ಎಳೆಯ ಸೊಪ್ಪು, ಅದನ್ನು ನೂಲಿನಂತೆ ಹೆಚ್ಚಿ ಉದುರಿಸಬೇಕು. ಆ ಕೆಲಸಕ್ಕೆ ಅಜ್ಜಿ ನಂಬಿದ್ದು ಇನ್ನೂ ದೊಡ್ಡವಳಾಗದ ಮೊಮ್ಮಗಳ ಕೈಯನ್ನು. ತಿಂಗಳಲ್ಲಿ ಒಂದು ದಿನವೂ ತಪ್ಪದೆ ಒಳಗೆ ಹೋಗಬಲ್ಲ ಕೈ ಅದು.

ಈಗ ಆ ದಿನಗಳಲ್ಲಿ ಅವಳು ಒಳಗೆ ಹೋಗದಿದ್ದರೆ ಗುಟ್ಟು ರಟ್ಟು. ಹೋದರೆ, ಅವಳ ಮನಸ್ಸಿನಲ್ಲಿ, ಹುಳಕ್ಕೆ ಕೇಡು. ಹೋಗುತ್ತಿದ್ದಳು.

"ಮಿಸ್, ಹುಳುಕ್ಕೆ ಏನಾರ ಆಯ್ತದಾ?" ಎಂದು ಒಂದು ದಿನ ಕೇಳಿದಳು.

"ಹುಳಕ್ಕೆ ಬೇಕಾಗಿರೋದು ಸೊಪ್ಪು ಕಣೇ. ನೀನು ಯಾವ ದಿನ ಹೆಚ್ಚಿದೆ ಅಂತ ಅದಕ್ಕೇನು ಗೊತ್ತು?" ಎಂದು ರೇಗಿಸಿದೆ. ನಕ್ಕಳು. ಆ ನಗು ಪೂರ್ತಿ ಬರಲಿಲ್ಲ.

ದಸರಾ ಕಳೆದ ಮೇಲೆ ಬಂದ ಬೆಳೆ ಕೈಕೊಟ್ಟಿತು. ನಾಲ್ಕನೇ ಜ್ವರ ಎದ್ದ ಹುಳಗಳು ಸೊಪ್ಪು ತಿನ್ನುವುದನ್ನು ಬಿಟ್ಟವು. ಸಪ್ಪೆ ರೋಗ. ಮೈ ಸಡಿಲಾಗಿ, ಕಪ್ಪಾಗಿ, ತಟ್ಟೆಯ ತುಂಬ ಕೊಳೆತು ನಾರತೊಡಗಿದವು. ಒಂದು ಮನೆಯಲ್ಲಲ್ಲ, ಊರಿನ ಬಹುಪಾಲು ಮನೆಗಳಲ್ಲಿ. ಕೂಲಿಗೆ ಜನ ಹೇಳಿ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ತೊಳೆದು ಒಣಗಿಸಿಟ್ಟುಕೊಂಡಿದ್ದವರು ಹುಳವನ್ನು ಮಂಕರಿಯಲ್ಲಿ ತುಂಬಿ ಗುಂಡಿಗೆ ಸುರಿದರು. ರೇಷ್ಮೆ ಇಲಾಖೆಯವರೊಬ್ಬರು ಬಂದು ನೋಡಿ, ಹವಾಮಾನ ಇರಬಹುದು, ಔಷಧಿ ಸರಿಯಾಗಿ ಹೊಡೆದಿರಲಿಕ್ಕಿಲ್ಲ, ಸೊಪ್ಪಿನ ಮೇಲೆ ಏನೋ ಕೂತ ಹಾಗಿದೆ, ಫ್ಯಾಕ್ಟರಿ ಹೊಗೆಯೂ ಇದ್ದೀತು ಎಂದು ಎಲ್ಲವನ್ನೂ ಹೇಳಿ ಯಾವುದನ್ನೂ ಖಚಿತ ಮಾಡದೆ ಹೋದರು. ನಾನೇ ತೋಟದ ಎಲೆಯೊಂದನ್ನು ಉಜ್ಜಿ ನೋಡಿದ್ದೆ. ಬೆರಳಿಗೆ ಬೂದಿಯಂಥದ್ದು ಅಂಟಿತು. ಅದೇ ಕಾರಣವೋ ಅಲ್ಲವೋ ಹೇಳಲು ನಾನು ಯಾರು? ಆದರೆ ಫ್ಯಾಕ್ಟರಿಯ ಗೇಟಿನ ಮುಂದೆ ನಿಂತು ಕೇಳಲು ಊರಿನಲ್ಲಿ ಯಾರೂ ಹೋಗಲಿಲ್ಲ. ಎಷ್ಟೋ ಮನೆಯ ಹುಡುಗರು ಅಲ್ಲಿ ಕೆಲಸಕ್ಕಿದ್ದರು. ಯಾರೋ ಮೈಲಿಗೆ ತುಳಿದಿರಬೇಕು ಎಂಬ ಮಾತು ಮಾತ್ರ ಸರಾಗವಾಗಿ ಓಡಾಡಿತು.

ಹುಡುಗಿಯ ಮುಖ ಬತ್ತಿಹೋಯಿತು. ಕರೆದು ಕೂರಿಸಿಕೊಂಡು ಹೇಳಿದೆ. ನಿಮ್ಮೂರೊಂದೇ ಅಲ್ಲ, ಚನ್ನಪಟ್ಟಣದ ಅಕ್ಕೂರಿನಲ್ಲೂ ನನ್ನ ತಂಗಿ ಮನೆಯವರ ಬೆಳೆ ಹೋಗಿದೆ, ಅಲ್ಲಿಗೂ ನೀನೇ ಹೋಗಿ ಸೊಪ್ಪು ಹಾಕಿದೆಯಾ ಎಂದೆ.

ಊರಿನ ಈ ಸಂಕಟ ಕೇಳಿ ನಮ್ಮ ಹಿರಿಯರ ಮನಸ್ಸು ಕರಗಿತು. ನಿಜವಾಗಿಯೂ ಕರಗಿತು, ಕಣ್ಣಲ್ಲಿ ನೀರಿತ್ತು. ಮುಂದಿನ ಶನಿವಾರ, ಊರಿಗೆ ಒಳ್ಳೆಯದಾಗಲಿ ಎಂದು ಸಂಕಲ್ಪ ಮಾಡಿ ಶ್ಲೋಕ ಹೇಳೋಣ ಮಕ್ಕಳೇ ಎಂದರು. ಪಕ್ಕದ ಕ್ಲಾಸಿನಲ್ಲಿದ್ದ ನನಗೆ ಎಲ್ಲವೂ ಕೇಳುತ್ತಿತ್ತು.

"ಇನ್ನು ಮೇಲೆ ಸ್ವಲ್ಪ ನಿಯಮದಿಂದ ಮಾಡೋಣ. ಸ್ನಾನ ಮಾಡಿ ಬನ್ನಿ. ಶನಿವಾರ ಮಾಂಸ ಬೇಡ. ಹೆಣ್ಣುಮಕ್ಕಳು ಆ ದಿನಗಳಲ್ಲಿ ಪುಸ್ತಕ ಮುಟ್ಟದೆ ಜಗಲಿಯಲ್ಲಿ ಕೂತು ಕೇಳಿಸಿಕೊಂಡರೆ ಸಾಕು. ನಾನು ಯಾರನ್ನೂ ಪರೀಕ್ಷೆ ಮಾಡುವುದಿಲ್ಲ. ನಿಮ್ಮ ನಿಮ್ಮ ಮನಸ್ಸಿಗೆ ಬಿಟ್ಟದ್ದು."

ಪಿರಿಯಡ್ಡು ಮುಗಿದದ್ದೇ ಹೆಡ್ ಮೇಷ್ಟ್ರ ಮುಂದೆ ಹೋಗಿ ನಿಂತೆ. "ಸಾರ್, ಜಗಲಿಯಲ್ಲಿ ಯಾವ ಹುಡುಗಿ ಕೂತಿದ್ದಾಳೆ ಅಂತ ಗಂಡು ಹುಡುಗರೆಲ್ಲ ನೋಡ್ತಾರೆ. ಸಾಯಂಕಾಲಕ್ಕೆ ಊರಿಗೆಲ್ಲ ಗೊತ್ತಾಗುತ್ತೆ. ಇದು ಸರ್ಕಾರಿ ಸ್ಕೂಲು, ಮಠ ಅಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. "ಇಷ್ಟ ಇಲ್ದಿದ್ರೆ ಕಳೆ ಕೀಳಕ್ಕೆ ಹೋಗ್ಲಿ ಮೇಡಂ. ಐಚ್ಛಿಕ ಅಲ್ವಾ? ನೀವ್ಯಾಕೆ ಇಷ್ಟು ಬಿಸಿ ಆಯ್ತೀರಿ?"

ಬಿಸಿಯಾಗದೆ ಏನು ಮಾಡಲಿ? ಆ ಪದವನ್ನು ಅವರು ಎಲ್ಲದಕ್ಕೂ ಮುಲಾಮಿನಂತೆ ಹಚ್ಚುತ್ತಿದ್ದರು.

ನಮ್ಮ ಹುಡುಗಿಯರು ಜಾಣೆಯರು, ಅಷ್ಟೇ ಸಮಾಧಾನ. ಆ ದಿನ ಬಂದರೆ ಒಬ್ಬಳಿಗೆ ಹೊಟ್ಟೆನೋವು, ಒಬ್ಬಳಿಗೆ ನೆಂಟರ ಮನೆ. ಉಳಿದವರು ಏನೂ ಆಗದವರಂತೆ ಒಳಗೇ ಕೂತು, ಪುಸ್ತಕ ಮುಟ್ಟಿ, ಗಟ್ಟಿಯಾಗಿ ಶ್ಲೋಕ ಹೇಳಿ ಎದ್ದುಬರುತ್ತಿದ್ದರು. ಆಕಾಶ ಬಿದ್ದುಹೋಗಲಿಲ್ಲ. ಅವಳಿಗೂ ಹಾಗೇ ಮಾಡು ಎಂದೆ. ಇಲ್ಲದಿದ್ದರೆ ಕಳೆ ಕೀಳಲು ಹೋಗು, ನಾನೂ ಬರುತ್ತೇನೆ ಎಂದೆ. ಹೂಂ ಎಂದಳು. ಪರೀಕ್ಷೆಗೆ ಇನ್ನು ಕೆಲವೇ ತಿಂಗಳು. ಹೇಗೋ ದಾಟಿಬಿಡುತ್ತಾಳೆ ಎಂದುಕೊಂಡೆ.

ದಾಟಲಿಲ್ಲ. ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ, ಶ್ಲೋಕದ ಮಧ್ಯದಲ್ಲಿ ಅವಳು ಎದ್ದಳು. ಪುಸ್ತಕವನ್ನು ಡೆಸ್ಕಿನ ಮೇಲಿಟ್ಟು, ಎಲ್ಲರ ಎದುರಿಗೆ ನಡೆದು ಬಂದು ಜಗಲಿಯಲ್ಲಿ ಒಬ್ಬಳೇ ಕೂತಳು. ಒಳಗೆ ಶ್ಲೋಕ ಮುಂದುವರಿಯಿತು.

ಪಕ್ಕದ ಕ್ಲಾಸಿನಲ್ಲಿ ನೋಟ್ಸ್ ತಿದ್ದುತ್ತ ಕೂತಿದ್ದವಳು ಪೆನ್ನು ಎಸೆದು ಓಡಿಬಂದೆ. "ಏನೇ ಮಾಡಿದೆ ನೀನು? ಎದ್ದೇಳು, ಒಳಗೆ ಹೋಗು!"

ಅವಳು ಅಳುತ್ತಿರಲಿಲ್ಲ. ಬಹಳ ದಿನದ ಜ್ವರ ಬಿಟ್ಟವಳ ಹಾಗಿದ್ದಳು.

"ದೇವ್ರ ಪುಸ್ತಕ ಮಿಸ್. ಸುಳ್ ಹೇಳ್ಕೊಂಡು ಎಂಗ್ ಮುಟ್ಟಾದು? ಹುಳದ್ ಮನೇಲೂ ಇಂಗೇ ಮಾಡ್ದೆ. ಊರೋರ ಹುಳ್ವೆಲ್ಲ ಸತ್ತೋದೊ. ಇನ್ನೊಂದ್ಸಲ ನನ್ ಕೈಲಿ ಆಗಕಿಲ್ಲ."

ಸಂಜೆಗೆ ಊರಿಗೆ ಗೊತ್ತಾಯಿತು. ಮನೆಯಲ್ಲಿ ಅಜ್ಜಿ ಕೇಳಿದಾಗ ಅವಳು ಒಂದನ್ನೂ ಮುಚ್ಚಿಡದೆ ಹೇಳಿಬಿಟ್ಟಳಂತೆ, ಎಂದಿನಿಂದ, ಎಷ್ಟು ಸಲ, ಚಾಕಿ ಹುಳಕ್ಕೆ ಸೊಪ್ಪು ಹಾಕಿದ ದಿನ ಸಮೇತ. ಆ ಮನೆಯಿಂದಲೇ ಹುಳ ಊರಿಗೆಲ್ಲ ಹೋಗಿದ್ದದ್ದು. ಯಾರೂ ಅವಳ ಮೇಲೆ ಕೈ ಮಾಡಲಿಲ್ಲ, ಬೀದಿಯಲ್ಲಿ ನಿಂತು ಬೈಯಲೂ ಇಲ್ಲ. ಊರಿಗೆ ಒಂದು ರೀತಿಯ ನಿರಾಳವಾಯಿತು. ಕಾರಣ ಸಿಕ್ಕಿತಲ್ಲ.

ಸೋಮವಾರ ಅವಳು ಬರಲಿಲ್ಲ. ಮಂಗಳವಾರ ಶಾಲೆ ಬಿಟ್ಟ ಮೇಲೆ ಮನೆಗೆ ಹೋದೆ. ಅಂಗಳದ ಮೂಲೆಯಲ್ಲಿ ಹಸಿ ಸೊಪ್ಪಿನ ಗುಡ್ಲು ಹಾಕಿದ್ದರು. ಮೈನೆರೆದ ಹುಡುಗಿಗೆ ಸೋದರಮಾವನೇ ಗುಡ್ಲು ಕಟ್ಟುವುದು ಅಲ್ಲಿಯ ಪದ್ಧತಿ, ಕಟ್ಟಿದ್ದ. ಟೆಂಪೋ ಪಕ್ಕ ನಿಂತಿದ್ದವನು ನನ್ನನ್ನು ನೋಡಿ ತಲೆ ತಗ್ಗಿಸಿದ. ಮಾತಾಡಿದ್ದು ಅಜ್ಜಿ.

"ಬನ್ನಿ ಟೀಚರಮ್ಮ. ಚಿಗ್ಳಿ ತಗಳಿ," ಎಂದು ಎಳ್ಳು ಬೆಲ್ಲ ಕುಟ್ಟಿದ ಉಂಡೆ ಕೊಟ್ಟಳು.

ಹುಡುಗಿಗಿನ್ನೂ ಮದುವೆಯ ವಯಸ್ಸಾಗಿಲ್ಲ, ಕಾನೂನಿದೆ, ಪರೀಕ್ಷೆಯೊಂದಕ್ಕಾದರೂ ಕಳಿಸಿ ಎಂದೆ. ಬೇಕಾದರೆ ಕನಕಪುರದಲ್ಲಿ ನನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದೂ ಹೇಳಿದೆ.

"ಕಾನೂನು ಬಂದು ನಮ್ಮನೆ ಹುಳ ಸಾಕ್ತದಾ ಟೀಚರಮ್ಮ? ಊರೋರ್ಗೆ ನಾನು ಎಂಗ್ ಮಕ ತೋರ್ಸ್ಲಿ?" ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅವ್ಳ್ನೇ ಕೇಳಿ. ಬತ್ತೀನಿ ಅಂದ್ರೆ ಕರ್ಕೊಂಡೋಗಿ."

ಗುಡ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ನಾನು ಅಷ್ಟೊಂದು ಬೇಡಿಕೊಂಡದ್ದು ಜೀವನದಲ್ಲಿ ಅದೊಂದೇ ಸಲ. ಹಾಲ್ ಟಿಕೆಟ್ ನಾನು ತರುತ್ತೇನೆ, ಜೊತೆಯಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ, ಒಂದು ಹೂಂ ಅನ್ನು ಸಾಕು ಎಂದೆ. ಅವಳು ಒಳಗಿನಿಂದ ನಿಧಾನವಾಗಿ ಹೇಳಿದಳು.

"ನಾ ಬರಕಿಲ್ಲ ಮಿಸ್. ಓದ್ಬೇಕು ಅಂತ್ಲೇ ಅಲ್ವಾ ನಾನು ಇಷ್ಟೆಲ್ಲ ಮಾಡಿದ್ದು."

ಬಸ್ಸಿನಲ್ಲಿ ಬರುವಾಗ ಆ ಚಿಗಳಿ ಇನ್ನೂ ಕೈಯಲ್ಲೇ ಇತ್ತು. ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಮದುವೆ ಆ ಬೇಸಿಗೆಯಲ್ಲೇ ಆಯಿತು. ತಡೆಯಲು ತಾಲ್ಲೂಕು ಆಫೀಸಿನ ತನಕ ಹೋಗಿ ಬಂದೆ, ನೋಡೋಣ ಎಂದರು, ನೋಡಲಿಲ್ಲ.

ಇದಕ್ಕಿಂತ ಹೆಚ್ಚು ನನ್ನನ್ನು ಸುಟ್ಟದ್ದು ಅವಳು ಜಗಲಿಯಲ್ಲಿ ಕೂತ ಮಾರನೆಯ ಶನಿವಾರ. ಹಿರಿಯರು ಆ ಹುಡುಗಿಯ ಸಂಗತಿಯನ್ನು ಪಾಠದಲ್ಲಿ ಹೇಳಿದರು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೇನಿತ್ತು? ಸತ್ಯಕ್ಕಾಗಿ ತನ್ನ ಆಸೆಯನ್ನೇ ಬಿಟ್ಟುಕೊಟ್ಟ ಮಗು, ನಾವು ಕಲಿಯುವ ಈ ಗ್ರಂಥದ ಸಾರ ಅವಳಿಗೆ ತಿಳಿಯಿತು ಎಂದು ಗದ್ಗದಿತರಾದರು. ಸ್ಕೂಟರಿನ ಹತ್ತಿರ ಅವರನ್ನು ಹಿಡಿದು ನಿಲ್ಲಿಸಿದೆ.

"ಆ ಹುಡುಗಿಯ ಬದುಕು ಹಾಳಾಯ್ತು, ನಿಮಗೆ ಅದು ನೀತಿಕತೆಯಾಯ್ತಾ?"

ಅವರ ಮುಖ ನಿಜಕ್ಕೂ ಬಾಡಿತು. ಕೈ ಮುಗಿದರು. "ನಾನು ಯಾರನ್ನೂ ಬಲವಂತ ಮಾಡಲಿಲ್ಲವಲ್ಲ ತಾಯಿ," ಎಂದರು. ಹೆಲ್ಮೆಟ್ ಹಾಕಿಕೊಂಡು ಹೋದರು.

ಮಾಡಿರಲಿಲ್ಲ. ಯಾರೂ ಮಾಡಿರಲಿಲ್ಲ. ಹೆಡ್ ಮೇಷ್ಟ್ರೂ ಇಲ್ಲ, ಅಜ್ಜಿಯೂ ಇಲ್ಲ. ಯಾರ ಕೊರಳಪಟ್ಟಿ ಹಿಡಿದು ಜಗಳವಾಡಬೇಕೋ ಅವರು ಯಾರೂ ಅಲ್ಲಿರಲಿಲ್ಲ. ಆ ಗ್ರಂಥದ ಮೇಲೂ ನನಗೆ ಜಗಳವಿಲ್ಲ. ನಾನೂ ಅದನ್ನು ಓದಿ ಸಮಾಧಾನ ಪಟ್ಟವಳೇ, ಮನೆಯಲ್ಲಿ ಕೂತು, ನನ್ನ ಪಾಡಿಗೆ. ಹದಿನೈದು ವರ್ಷದ ಮಗುವಿನ ಮುಂದೆ ಗಂಟೆ ಹೊಡೆದು, ಹಾಜರಿ ಕರೆದು, ಇದು ನಿನ್ನ ಇಷ್ಟ ಎಂದು ಇಟ್ಟಾಗ ಅದು ಏನಾಗುತ್ತದೆ ಎಂದು ಕಣ್ಣಾರೆ ನೋಡಿದ ಮೇಲೆ ಆ ಸಮಾಧಾನವೂ ಹೋಯಿತು. ಮುಂದಿನ ವರ್ಷ ವರ್ಗ ಮಾಡಿಸಿಕೊಂಡು ರಾಮನಗರಕ್ಕೆ ಬಂದುಬಿಟ್ಟೆ.

ಅವಳನ್ನು ಮತ್ತೆ ನೋಡಿದ್ದು ವರ್ಷಗಳಾದ ಮೇಲೆ, ಹಾರೋಹಳ್ಳಿಯ ಬಸ್‌ ಸ್ಟ್ಯಾಂಡಿನಲ್ಲಿ. ಗಾರ್ಮೆಂಟ್ಸಿನ ಗುರುತಿನ ಚೀಟಿ ಕೊರಳಲ್ಲಿ ನೇತುಹಾಕಿಕೊಂಡು ಕಂಪನಿ ಬಸ್ಸಿಗೆ ಕಾಯುತ್ತಿದ್ದಳು. ಅವಳೇ ಗುರುತು ಹಿಡಿದು "ಮಿಸ್!" ಎಂದು ಓಡಿಬಂದಳು. ಮೈ ಸ್ವಲ್ಪ ತುಂಬಿಕೊಂಡಿತ್ತು. ಗಂಡ ಒಳ್ಳೆಯವನು, ಇಬ್ಬರು ಮಕ್ಕಳು, ಅಜ್ಜಿ ತೀರಿಕೊಂಡಿತು ಎಂದೆಲ್ಲ ಹೇಳಿದಳು. ನಾನು ಹುಳದ ಮನೆ ಹೇಗಿದೆ ಎಂದು ಕೇಳಿದೆ.

"ಎಲ್ಲೈತೆ ಮಿಸ್ ಹುಳ? ಈಗ ನಮ್ಮೂರಲ್ಲಿ ಒಬ್ರೂ ಸಾಕಕಿಲ್ಲ. ವರ್ಸ ವರ್ಸ ಸಪ್ಪೆ ರೋಗ ಬಂದು ಬಂದು ಸಾಕಾಗೋಯ್ತು. ತೋಟ್ಗೊಳ್ನೆಲ್ಲ ಫ್ಯಾಕ್ಟ್ರಿಯೋರ್ಗೆ ಕೊಟ್ಬುಟ್ರು. ಇನ್ನೂ ಎಲ್ಡು ಫ್ಯಾಕ್ಟ್ರಿ ಬಂದವೆ."

ನನಗೆ ಒಳಗೇ ಏನೋ ಎದ್ದು ನಿಂತಂತಾಯಿತು. ಇಷ್ಟು ವರ್ಷ ಕಾದದ್ದು ಇದಕ್ಕೇ ಎನ್ನುವ ಹಾಗೆ ಅವಳ ತೋಳು ಹಿಡಿದುಕೊಂಡೆ.

"ನೋಡಿದೆಯಾ? ನೀನು ಆ ದಿನಗಳಲ್ಲಿ ಹುಳದ ಮನೆಯೊಳಗೆ ಕಾಲಿಡದೆ ಇದ್ದಾಗಲೂ ಹುಳ ಸತ್ತವಲ್ಲ? ವರ್ಷ ವರ್ಷ ಸತ್ತವಲ್ಲ? ನಿನ್ನದೇನೂ ತಪ್ಪಿರಲಿಲ್ಲ ಕಣೇ. ಈಗಲಾದರೂ ಗೊತ್ತಾಯ್ತಾ?"

ಅವಳು ನನ್ನನ್ನು ಕರುಣೆಯಿಂದ ನೋಡಿದಳು, ದಡ್ಡ ಮಗುವಿಗೆ ಲೆಕ್ಕ ಹೇಳಿಕೊಡುವವಳ ಹಾಗೆ.

"ಅಂಗಲ್ಲ ಮಿಸ್. ಶುರುವಾಗಿದ್ದು ನನ್ನಿಂದ್ಲೇ ಅಲ್ವಾ? ಒಂದ್ಸಲ ಕೆಟ್ ಮೇಲೆ ಆ ಊರ್ಗೆ ಹುಳ ಮತ್ತೆ ಹಿಡೀನೇ ಇಲ್ಲ."

ಕಂಪನಿ ಬಸ್ಸು ಬಂತು. "ಬತ್ತೀನಿ ಮಿಸ್, ಲೇಟಾದ್ರೆ ಒಳೀಕೆ ಬುಡಕಿಲ್ಲ," ಎಂದು ನಗುತ್ತಲೇ ಹತ್ತಿದಳು.